ಎಂಜಿನ್ ಕವರ್ ಬಿಚ್ಚಿ ಅಟ್ಟದ ಮೇಲೆ ಇಟ್ಟವರಿಗೆ

ಏಪ್ರಿಲ್ ಎರಡನೇ ವಾರ, ಮಧ್ಯಾಹ್ನ ಮೂರರ ಬಿಸಿಲು. ಪುಣೆಯ ಹಿಂಜವಡಿಯಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವ ನಮ್ಮ ಬೆಳಗಾವಿ ಕಡೆಯ ಹುಡುಗನೊಬ್ಬ ಭೋಸರಿಯ ನನ್ನ ಗ್ಯಾರೇಜಿಗೆ ಕಾರು ತಂದ. ಎರಡೇ ಸೀಟಿನ ಸ್ಪೋರ್ಟ್ಸ್ ಕಾರು, ಎಂಜಿನ್ ಸೀಟಿನ ಬೆನ್ನಿಗೇ. ಆರು ವರ್ಷ ದುಡ್ಡು ಕೂಡಿಸಿ ಸೆಕೆಂಡ್ ಹ್ಯಾಂಡ್ ತಗೊಂಡಿದ್ದ. ಇಳಿದು ನಿಂತಾಗ ಅಂಗಿಯ ಬೆನ್ನು ಪೂರ್ತಿ ತೊಯ್ದಿತ್ತು, ಎದೆಯ ಕಡೆ ಒಣಗೇ ಇತ್ತು. ಅದನ್ನು ನೋಡಿದಾಗಲೇ ನನಗೆ ಅರ್ಧ ತಿಳಿಯಿತು.

"ಕಾಕಾ, ಎಂಜಿನ್ ಮ್ಯಾಲಿನ ಕವರ್ ತಗದೇನ್ರಿ, ಗಾಳಿ ಆಡ್ಲಿ ಅಂತ. ಆದ್ರೂ ಸಿಗ್ನಲ್‌ನ್ಯಾಗ ನಿಂತ್ರ ಬಿಸಿ ತೋರ್ಸು ಮುಳ್ಳು ಮ್ಯಾಲ ಹೊಂಡತೈತಿ. ಮೊನ್ನೆ ಊರಿಗೆ ಹೋಗುಮುಂದ ಖಂಬಾಟ್ಕಿ ಘಾಟ್‌ನ್ಯಾಗ ಭಾಳ ಹೆದರಿಕಿ ಆತು."

"ಕವರ್ ಎಲ್ಲೈತಿ ತಮ್ಮಾ?"

"ಮನ್ಯಾಗ, ಅಟ್ಟದ ಮ್ಯಾಲ."

ಈ ಉತ್ತರ ನಾನು ಕೇಳುತ್ತಿರುವುದು ಇದೇ ಮೊದಲಲ್ಲ. 2024ರ ಡಿಸೆಂಬರಿನಲ್ಲಿ ಮುಂಬೈ ಕೋಸ್ಟಲ್ ರೋಡಿನಲ್ಲಿ ಒಂದು ಸ್ಪೋರ್ಟ್ಸ್ ಕಾರು ಹೊತ್ತಿ ಉರಿದ ವಿಡಿಯೊ ಎಲ್ಲರ ಫೋನಿಗೂ ಬಂತಲ್ಲ, ಆಮೇಲಿಂದ ಕವರ್ ಬಿಚ್ಚುವವರು ಹೆಚ್ಚಾಗಿದ್ದಾರೆ. ಹೆದರಿಕೆ ನಿಜವಾದದ್ದು, ಅದನ್ನು ನಾನು ಹಗುರವಾಗಿ ನೋಡುವುದಿಲ್ಲ. ಕಷ್ಟಪಟ್ಟು ತಗೊಂಡ ಗಾಡಿ, ಒಳಗೆ ಕೂತವರು ನಮ್ಮ ಮಕ್ಕಳು. ಆದರೆ ಹೆದರಿಕೆಗೆ ಸಿಕ್ಕ ಮದ್ದು ತಪ್ಪು. ಇಪ್ಪತ್ತು ವರ್ಷ ಪುಣೆಯಲ್ಲಿ ಎಂಜಿನ್ ಬಿಚ್ಚಿ ಕಟ್ಟಿದವನಾಗಿ ಇದನ್ನು ಬರೆಯಲೇಬೇಕು ಅನಿಸಿದೆ, ಉದ್ದ ಆಗುತ್ತದೆ, ಓದಿ.

ಮೊದಲು ಒಂದು ಮಾತು ಬಿಡಿಸಿ ಹೇಳುತ್ತೇನೆ. ಕವರ್ ಅಂದರೆ ಎಲ್ಲ ಗಾಡಿಯಲ್ಲೂ ಒಂದೇ ಅಲ್ಲ. ಮುಂದೆ ಎಂಜಿನ್ ಇರುವ ಟರ್ಬೊ (ಹೊಗೆಯ ರಭಸದಿಂದ ತಿರುಗಿ ಎಂಜಿನ್‌ಗೆ ಹೆಚ್ಚು ಗಾಳಿ ತುಂಬುವ ಯಂತ್ರ) ಸೆಡಾನ್, ಹ್ಯಾಚ್‌ಬ್ಯಾಕ್‌ಗಳಲ್ಲಿ ಬಾನೆಟ್ ಎತ್ತಿದ ಕೂಡಲೇ ಕಾಣುವುದು ಕಪ್ಪು ಪ್ಲಾಸ್ಟಿಕ್ ತಟ್ಟೆ. ಗಾಜಿನ ಎಳೆ ಸೇರಿಸಿದ ನೈಲಾನ್, ಕೆಳಗೆ ಫೋಮ್ ಅಂಟಿಸಿರುತ್ತಾರೆ. ನಾಲ್ಕು ಗ್ರಾಮೆಟ್, ಅಂದರೆ ಬಳೆಯಂಥ ರಬ್ಬರ್ ತುಂಡುಗಳ ಮೇಲೆ ಒತ್ತಿ ಕೂರಿಸಿದ್ದು, ಕೈಯಲ್ಲಿ ಎಳೆದರೆ ಟಪ್ ಅಂತ ಬರುತ್ತದೆ. ಪೆಟ್ರೋಲನ್ನು ನೇರ ಸಿಲಿಂಡರಿಗೇ ಚಿಮ್ಮಿಸುವ ಈಗಿನ ಡೈರೆಕ್ಟ್ ಇಂಜೆಕ್ಷನ್ ಎಂಜಿನ್‌ಗಳಲ್ಲಿ ಪೆಟ್ರೋಲ್ ಪಂಪ್ 150–200 ಬಾರ್ ಒತ್ತಡದಲ್ಲಿ ಟಕಟಕ ಅನ್ನುತ್ತದೆ, ಆ ಸದ್ದು ತಡೆಯುವುದು ಅದರ ದೊಡ್ಡ ಕೆಲಸ. ಕೆಲವು ಎಂಜಿನ್‌ಗಳಲ್ಲಿ ಏರ್ ಫಿಲ್ಟರ್ ಆ ಕವರಿನೊಳಗೇ ಇರುತ್ತದೆ. ಅಂಥದ್ದನ್ನು ಬಿಚ್ಚಿ ಓಡಿಸಿದರೆ ಚಾಕಣ ರಸ್ತೆಯ ಧೂಳೆಲ್ಲ ನೇರವಾಗಿ ಸಿಲಿಂಡರಿಗೆ.

ಈ ಪ್ಲಾಸ್ಟಿಕ್ ಕವರ್ ತೆಗೆದರೆ ಎಂಜಿನ್ ತಂಪಾಗುತ್ತದೆಯೇ? ಒಬ್ಬ ಗಿರಾಕಿಯ ಒಪ್ಪಿಗೆ ತಗೊಂಡು, ಎಂಜಿನ್ನಿನ ಅಂಕಿ ಓದುವ ಸ್ಕ್ಯಾನರ್ ಹಾಕಿ ಎರಡು ದಿನ ಒಂದೇ ಹೊತ್ತಿಗೆ ಭೋಸರಿಯಿಂದ ವಾಕಡ್‌ವರೆಗೆ ಹೋಗಿ ನೋಡಿದ್ದೇನೆ. ಒಂದು ದಿನ ಕವರ್ ಹಾಕಿ, ಒಂದು ದಿನ ತೆಗೆದು. ಕೂಲಂಟ್, ಅಂದರೆ ಎಂಜಿನ್ ತಂಪಿಡುವ ದ್ರವದ ಬಿಸಿಯ ಅಂಕಿ ಎರಡೂ ದಿನ ಅಲ್ಲಲ್ಲೇ ಆಡಿತು. ಆಗಲೇಬೇಕಾದದ್ದೇ ಅದು. ಕೂಲಂಟಿನ ಬಿಸಿಯನ್ನು ನಿರ್ಧರಿಸುವುದು ಥರ್ಮೋಸ್ಟಾಟ್ (ಕೂಲಂಟ್ ಹರಿವು ತೆರೆದು ಮುಚ್ಚುವ ಕವಾಟ), ರೇಡಿಯೇಟರ್ (ಕೂಲಂಟಿನ ಬಿಸಿಯನ್ನು ಗಾಳಿಗೆ ಬಿಡುವ ಜಾಲರಿ), ಫ್ಯಾನ್. ನಾವು ಹಾಕಿದ ಪೆಟ್ರೋಲಿನ ಶಕ್ತಿಯಲ್ಲಿ ಹೆಚ್ಚೆಂದರೆ ಮೂರನೇ ಒಂದು ಪಾಲು ಗಾಲಿ ತಿರುಗಿಸಲು ಹೋದರೆ, ಇನ್ನೊಂದು ಪಾಲು ಸೈಲೆನ್ಸರ್ ಕಡೆಯಿಂದ ಹೊಗೆಯ ಜೊತೆ ಹೋಗುತ್ತದೆ, ಉಳಿದದ್ದರಲ್ಲಿ ಬಹುಪಾಲು ಹೊರಗೆ ಹಾಕುವುದು ರೇಡಿಯೇಟರೇ. ಮೇಲಿನ ಪ್ಲಾಸ್ಟಿಕ್ ತಟ್ಟೆ ಈ ಲೆಕ್ಕದೊಳಗೆ ಬರುವುದೇ ಇಲ್ಲ.

ಎಂಜಿನ್ ಎಳೆದುಕೊಳ್ಳುವ ಗಾಳಿಯ ಬಿಸಿ ಮಾತ್ರ ಬೇರೆ ವಿಷಯ. 30 ಡಿಗ್ರಿಯ ಗಾಳಿ 60 ಡಿಗ್ರಿಗೆ ಏರಿದರೆ ಅದರ ಸಾಂದ್ರತೆ ಸುಮಾರು 9 ಪ್ರತಿಶತ ಇಳಿಯುತ್ತದೆ, ಅಷ್ಟೂ ಶಕ್ತಿ ಕಡಿಮೆ. ಅದಕ್ಕೇ ಆ ಗಾಳಿಯನ್ನು ಮುಂದಿನ ಗ್ರಿಲ್ ಹತ್ತಿರದಿಂದ ಪೈಪಿನಲ್ಲಿ ತರುತ್ತಾರೆ, ಎಂಜಿನ್ ಮೇಲಿನಿಂದ ಅಲ್ಲ. ಆ ಪೈಪಿನ ಸಂದು ಬಿಟ್ಟಿದ್ದರೆ ಬಿಸಿ ಗಾಳಿ ಒಳಗೆ ಹೋಗುತ್ತದೆ. ಮೊದಲು ನೋಡಬೇಕಾದದ್ದು ಆ ಸಂದನ್ನು.

ಈಗ ನಮ್ಮ ಹುಡುಗನ ಗಾಡಿ. ಅದರಲ್ಲಿ ಕವರ್ ಅಂದರೆ ಸೀಟಿನ ಹಿಂದಿನ ಕಾರ್ಪೆಟ್ ಎತ್ತಿದರೆ ಸಿಗುವ, ಸ್ಕ್ರೂ ಹಾಕಿ ಬಿಗಿದ, ಒಳಮೈಗೆ ದಪ್ಪ ಫೋಮ್ ಇರುವ ತಗಡಿನ ಮುಚ್ಚಳ. ಎಂಜಿನ್‌ಗೂ ಕೂತವರಿಗೂ ನಡುವಿನ ಗೋಡೆ. ಹುಡುಗ ಅದನ್ನು ಬಿಚ್ಚಿ, ಮೇಲೆ ಬರೀ ಕಾರ್ಪೆಟ್ ಹಾಸಿ ಓಡಿಸುತ್ತಿದ್ದ. "ಬಿಸಿ ಹೊರಗ ಬರಾಕತ್ತೈತ್ರಿ ಕಾಕಾ, ಕೈಗೇ ಗೊತ್ತಾಗ್ತೈತಿ" ಅಂದ. ಬಿಸಿ ಹೊರಗೆ ಬರುತ್ತಿರಲಿಲ್ಲ, ಅವನ ಬೆನ್ನಿಗೆ ಬರುತ್ತಿತ್ತು. ಅವನು ಏನು ಮಾಡುತ್ತಾನೆ? ಎಸಿ ಜೋರು ಮಾಡುತ್ತಾನೆ. ಎಸಿಯ ಬಿಸಿಯನ್ನು ಹೊರಗೆ ಬಿಡುವ ಕಂಡೆನ್ಸರ್ ಇರುವುದು ಎಲ್ಲಿ? ರೇಡಿಯೇಟರಿನ ಮುಂದೆ, ಅದಕ್ಕೆ ಅಂಟಿಕೊಂಡ ಹಾಗೆ. ಎಸಿ ಹೆಚ್ಚು ದುಡಿದಷ್ಟೂ ಕಂಡೆನ್ಸರ್ ಕಾಯುತ್ತದೆ, ಕಾದ ಗಾಳಿ ರೇಡಿಯೇಟರಿಗೆ ಹೋಗುತ್ತದೆ, ಮುಳ್ಳು ಇನ್ನೂ ಮೇಲೆ. ಎಂಜಿನ್ ತಂಪಾಗಲಿ ಅಂತ ಬಿಚ್ಚಿದ ಮುಚ್ಚಳವೇ ಎಂಜಿನ್ ಬಿಸಿ ಹೆಚ್ಚಿಸಿತು. ಘಾಟ್ ಹತ್ತುವಾಗ ಮುಳ್ಳು ಏರಿದ್ದರಲ್ಲಿ ಇದರ ಪಾಲೂ ಇತ್ತು.

ಇದಕ್ಕಿಂತ ದೊಡ್ಡ ಭಯ ಇನ್ನೊಂದಿದೆ. ಎಕ್ಸಾಸ್ಟ್, ಅಂದರೆ ಹೊಗೆ ಕೊಳವೆಯ ಜಾಯಿಂಟ್ ಎಲ್ಲಾದರೂ ಸೀಳಿದ್ದರೆ ಕಾರ್ಬನ್ ಮೊನಾಕ್ಸೈಡ್ ಅನ್ನುವ ವಿಷದ ಗಾಳಿ ಸೀದಾ ಕ್ಯಾಬಿನ್‌ಗೆ ಬರುತ್ತದೆ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ಗ್ಲಾಸ್ ಏರಿಸಿಕೊಂಡು ಟ್ರಾಫಿಕ್‌ನಲ್ಲಿ ನಿಂತವನಿಗೆ ತಲೆ ಭಾರ, ನಿದ್ದೆ ಬಂದಂತೆ, ಅಷ್ಟೇ ಗೊತ್ತಾಗುವುದು. ಆ ಮುಚ್ಚಳದ ಸುತ್ತ ಕೊಟ್ಟಿರುವ ರಬ್ಬರ್ ಸೀಲ್ ಬಿಸಿಗಷ್ಟೇ ಅಲ್ಲ, ಈ ಹೊಗೆಗೂ ಹೌದು. ಈ ಮಾತು ಹೇಳಿದಾಗ ಹುಡುಗನ ಮುಖ ಸಪ್ಪಗಾಯಿತು. "ಯಾರೂ ಹೇಳಿದ್ದಿಲ್ಲ ನೋಡ್ರಿ" ಅಂದ. ಇವತ್ತು ಬರೆಯಲು ಕೂತದ್ದು ಮುಖ್ಯವಾಗಿ ಈ ಒಂದು ಮಾತಿಗೆ.

ಹಾಗಾದರೆ ನಿಜವಾದ ಕಾಯಿಲೆ ಎಲ್ಲಿತ್ತು? ಮುಂದಿನ ಬಂಪರ್ ಬಿಚ್ಚಿಸಿದೆ. ಎಂಜಿನ್ ನಡುವೆ ಇರುವ ಬಹಳಷ್ಟು ಗಾಡಿಗಳಲ್ಲಿ ರೇಡಿಯೇಟರ್ ಮುಂದಿನ ಎರಡು ಮೂಲೆಯಲ್ಲಿ ಇರುತ್ತದೆ. ಬಂಪರಿನ ದೊಡ್ಡ ಬಾಯಿಗಳು ನೆಲಕ್ಕೆ ಹತ್ತಿರ, ರಸ್ತೆಯಲ್ಲಿ ಬಿದ್ದದ್ದನ್ನೆಲ್ಲ ನುಂಗುತ್ತವೆ. ಎಡಗಡೆ ಕಂಡೆನ್ಸರ್ ಮುಂದೆ ಎರಡು ಬೆರಳು ದಪ್ಪ ಕಸ. ಮಳೆಮರದ ಸಣ್ಣ ಎಲೆ, ಒಣಗಿದ ಗುಲ್ಮೊಹರ್ ಪಕಳೆ, ಪಾರಿವಾಳದ ಪುಕ್ಕ, ಒಂದು ಗುಟ್ಕಾ ಪಾಕೀಟು, ಬಿಸಿಗೆ ಮೆತ್ತಗಾಗಿ ಕಂಡೆನ್ಸರಿನ ತೆಳು ತಗಡು ರೆಕ್ಕೆಗಳಿಗೆ ಅಂಟಿಕೊಂಡ ಪ್ಲಾಸ್ಟಿಕ್ ಚೀಲ. ಎಲ್ಲ ಸೇರಿ ಹಳೇ ಕಂಬಳಿಯ ಹಾಗೆ ಕೂತಿತ್ತು. ಬೆರಳಿನಿಂದ ಎತ್ತಿದರೆ ಒಂದೇ ಹಾಳೆಯಾಗಿ ಎದ್ದು ಬಂತು, ಅದರ ಹಿಂದೆ ಅಲ್ಯೂಮಿನಿಯಂ ರೆಕ್ಕೆಗಳು ಹೊಸದರಂತೆ ಹೊಳೆಯುತ್ತಿದ್ದವು. ಅಲ್ಲಿಗೆ ಗಾಳಿ ತಲುಪಿಯೇ ಎಷ್ಟು ಕಾಲವಾಗಿತ್ತೋ. ಬಲಗಡೆ ಕಸ ಕಡಿಮೆ, ಆದರೆ ಫ್ಯಾನಿನ ರೆಸಿಸ್ಟರ್ ಸುಟ್ಟಿತ್ತು. ರೆಸಿಸ್ಟರ್ ಹೋದರೆ ಫ್ಯಾನ್ ನಿಧಾನ ವೇಗದಲ್ಲಿ ತಿರುಗುವುದೇ ಇಲ್ಲ, ತೀರ ಬಿಸಿಯಾದ ಮೇಲೆ ಒಮ್ಮೆಲೇ ಜೋರಾಗಿ ಹೊಡೆದುಕೊಳ್ಳುತ್ತದೆ. ಹೈವೇಯಲ್ಲಿ ಸಪಾಟಾಗಿ ಓಡುವಾಗ ಗಾಳಿಯ ರಭಸಕ್ಕೆ ಇದು ತಿಳಿಯುವುದಿಲ್ಲ, ಹಿಂಜವಡಿ ಸಿಗ್ನಲ್‌ನಲ್ಲಿ ಇಪ್ಪತ್ತು ನಿಮಿಷ ನಿಂತಾಗ ತಿಳಿಯುತ್ತದೆ.

ಕಸ ತೆಗೆದು, ಒತ್ತಡ ಕಡಿಮೆ ಇಟ್ಟು ನೀರು ಹೊಡೆದು, ರೆಸಿಸ್ಟರ್ ಬದಲಿಸಿ, ಕೂಲಂಟ್ ಹೊಸದು ಹಾಕಿದೆವು. ಹಳೇ ಕೂಲಂಟ್ ಕಂದು ಬಣ್ಣಕ್ಕೆ ತಿರುಗಿತ್ತು. ಕೇಳಿದರೆ ಮಟ್ಟ ಇಳಿದಾಗೆಲ್ಲ ಸೊಸೈಟಿಯ ಬೋರ್‌ವೆಲ್ ನೀರು ಸುರಿದಿದ್ದನಂತೆ. ದಯವಿಟ್ಟು ಹಾಗೆ ಮಾಡಬೇಡಿ. ಗಡಸು ನೀರಿನ ಸುಣ್ಣ ಒಳಗೆ ಕೂತರೆ ಯಾವ ಮುಚ್ಚಳ ಬಿಚ್ಚಿದರೂ ಎಂಜಿನ್ ತಂಪಾಗದು.

ಗಾಳಿಯ ವಿಷಯದಲ್ಲಿ ನನಗೆ ಪಾಠ ಹೇಳಿದ್ದು ನಮ್ಮೂರಿನ ಮನೆ. ಮಣ್ಣಿನ ಮಾಳಿಗೆಯ ಮನೆಗಳಲ್ಲಿ ಅಡುಗೆಮನೆಯ ಮೇಲೆ ಬೆಳಕಿಂಡಿ ಇರುತ್ತಿತ್ತು. ಒಲೆಯ ಹೊಗೆ ಅದರಲ್ಲೇ ಸೀದಾ ಮೇಲೆ ಹೋಗುತ್ತಿತ್ತು. ಶ್ರಾವಣದ ಗಾಳಿಯಲ್ಲಿ ಯಾರಾದರೂ ಹಿತ್ತಲ ಬಾಗಿಲು ಪೂರ್ತಿ ತೆರೆದರೆ ಹೊಗೆ ಮೇಲೆ ಹೋಗುವುದು ಬಿಟ್ಟು ಪಡಸಾಲೆಗೆ ನುಗ್ಗುತ್ತಿತ್ತು. ಅವ್ವ ಒಳಗಿನಿಂದಲೇ "ಬಾಗಿಲಾ ಹಾಕ್ರೋ" ಅಂತ ಕೂಗುತ್ತಿದ್ದಳು. ಕಿಂಡಿ ಹೆಚ್ಚಾದರೆ ಹೊಗೆ ಹೆಚ್ಚು ಹೋಗುತ್ತದೆ ಅಂತಲ್ಲ, ಗಾಳಿ ಎಲ್ಲಿಂದ ಬಂದು ಎಲ್ಲಿಗೆ ಹೋಗಬೇಕು ಅನ್ನುವುದು ಗೊತ್ತಿರಬೇಕು. ಎಂಜಿನ್ ಕೋಣೆಯೂ ಹಾಗೆಯೇ. ಗಾಡಿ ಓಡುವಾಗ ಕೆಲವು ಕಡೆ ಒತ್ತಡ ಹೆಚ್ಚು, ಕೆಲವು ಕಡೆ ಕಡಿಮೆ. ಒತ್ತಡ ಕಡಿಮೆ ಇರುವ ಕಡೆ ಸೀಳು ಕೊಟ್ಟರೆ ಬಿಸಿ ಗಾಳಿ ತಾನಾಗಿ ಹೊರಗೆ ಎಳೆಯಲ್ಪಡುತ್ತದೆ. 1987ರ ಫೆರಾರಿ ಎಫ್40ರ ಹಿಂಬದಿಯ ಪಾರದರ್ಶಕ ಹೊದಿಕೆಯಲ್ಲಿ ಸಾಲು ಸೀಳುಗಳನ್ನು ಕೊಟ್ಟದ್ದು ಅದಕ್ಕೆ. ಬಾನೆಟ್‌ನ ಹಿಂಬದಿ ವಾಷರ್ ಇಟ್ಟು ಎತ್ತರಿಸುವವರೂ ಇದ್ದಾರಲ್ಲ, ಅವರಿಗೂ ಇದೇ ಮಾತು. ಮುಂದಿನ ಗಾಜಿನ ಬುಡದಲ್ಲಿ ಓಡುವಾಗ ಒತ್ತಡ ಹೆಚ್ಚಿರುತ್ತದೆ, ಗಾಳಿ ಆ ಸಂದಿನಿಂದ ಹೊರಗೆ ಬರುವ ಬದಲು ಒಳಗೆ ಹೋಗುತ್ತದೆ. ಕ್ಯಾಬಿನ್‌ಗೆ ಗಾಳಿ ತೆಗೆದುಕೊಳ್ಳುವ ಬಾಯಿಯೂ ಅಲ್ಲೇ ಇರುತ್ತದೆ, ನಿಂತಾಗ ಎಂಜಿನ್ ಬಿಸಿ ಅದಕ್ಕೇ ಹೋಗುತ್ತದೆ.

"ರೇಸ್ ಗಾಡಿಗಳು ಮುಚ್ಚಳ ತೆರೆದೇ ಓಡ್ತಿದ್ವಲ್ರಿ" ಅಂತ ಕೇಳುವವರಿಗೆ: ಹೌದು, ಓಡುತ್ತಿದ್ದವು. 1960ರ ದಶಕದಲ್ಲಿ ಫಿಯಟ್ 600ರ ಮೇಲೆ ಕಟ್ಟಿದ ಅಬಾರ್ತ್ ಗಾಡಿಗಳು ಹಿಂದಿನ ಎಂಜಿನ್ ಮುಚ್ಚಳವನ್ನು ಸಲಾಕೆಗೆ ಆನಿಸಿ ಪೂರ್ತಿ ಎತ್ತಿಕೊಂಡೇ ರೇಸ್ ಮಾಡುತ್ತಿದ್ದವು, ತಂಪಿಗೂ ಅನುಕೂಲ, ಗಾಳಿಯ ಹರಿವಿಗೂ ಅನುಕೂಲ ಆಗಿತ್ತು. ಅಲ್ಲಿಯೂ ಅವರು ಮುಚ್ಚಳ ಕಿತ್ತು ಎಸೆಯಲಿಲ್ಲ, ಒಂದು ಕೋನದಲ್ಲಿ ನಿಲ್ಲಿಸಿದರು ಅನ್ನುವುದನ್ನು ಗಮನಿಸಿ. ಆ ಗಾಡಿ ಜುಲೈ ತಿಂಗಳ ಲೋಣಾವಳಾ ಮಳೆಯಲ್ಲಿ ಆಫೀಸಿಗೆ ಹೋಗುತ್ತಿರಲಿಲ್ಲ. ನಮ್ಮ ಮಳೆಗೆ ಪ್ಲಗ್ಗಿನ ಗುಂಡಿಗೆ ನೀರು ಇಳಿದರೆ ಪ್ಲಗ್ಗಿಗೆ ಕರೆಂಟ್ ಕೊಡುವ ಇಗ್ನಿಷನ್ ಕಾಯಿಲ್ ಹೋಗುತ್ತದೆ. ಇಲಿಯದು ಇನ್ನೊಂದು ಕಥೆ. ಪಾರ್ಕಿಂಗ್‌ನಲ್ಲಿ ಬೆಚ್ಚಗಿನ ಜಾಗ ಸಿಕ್ಕರೆ ಇಲಿ ಬಿಡುತ್ತದೆಯೇ, ಮುಚ್ಚಳವಿಲ್ಲದ ಗಾಡಿಯಲ್ಲಿ ಸೀದಾ ಸೀಟಿನವರೆಗೆ ದಾರಿ.

ಬಿಸಿಯನ್ನು ತಡೆಯುವುದೂ ಬಿಸಿಯನ್ನು ಹೊರಗೆ ಹಾಕುವಷ್ಟೇ ದೊಡ್ಡ ಕೆಲಸ ಅಂತ ಗಾಡಿ ಕಟ್ಟಿದವರಿಗೆ ಗೊತ್ತು. ಮೆಕ್‌ಲ್ಯಾರನ್ ಎಫ್1 ಕಾರಿನ ಎಂಜಿನ್ ಕೋಣೆಗೆ ಸುಮಾರು 16 ಗ್ರಾಂ ಚಿನ್ನದ ತೆಳು ಹಾಳೆ ಅಂಟಿಸಿದ್ದರು. ಅದು ಶೋಕಿಗಲ್ಲ, ಎಕ್ಸಾಸ್ಟ್‌ನ ಬಿಸಿ ಕಿರಣವನ್ನು ಚಿನ್ನದಷ್ಟು ಚೆನ್ನಾಗಿ ತಿರುಗಿಸಿ ಕಳಿಸುವ ಲೋಹ ಕಡಿಮೆ ಅನ್ನುವುದಕ್ಕೆ. 2010ರಲ್ಲಿ ಫೆರಾರಿ ತನ್ನ 1,248 ಕಾರುಗಳನ್ನು, 458 ಇಟಾಲಿಯಾ ಮಾಡೆಲ್, ವಾಪಸು ಕರೆಸಿತು. ಗಾಲಿಯ ಕಮಾನಿನೊಳಗಿನ ಶಾಖತಡೆ ಹಾಳೆಗೆ ಬಳಸಿದ ಅಂಟು ಕಾದು ಹೊತ್ತಿಕೊಳ್ಳುವ ಅಪಾಯವಿತ್ತು. ಅಂಟು ಬಿಟ್ಟು ಗಟ್ಟಿಯಾಗಿ ಬಿಗಿದ ಹಾಳೆ ಹಾಕಿಕೊಟ್ಟರು. ಹಾಳೆಯನ್ನು ತೆಗೆದುಹಾಕಲಿಲ್ಲ.

ಕವರ್ ತೆರೆಯುವುದು ಯಾವಾಗಲೂ ತಪ್ಪು ಅಂತ ನಾನು ಹೇಳುತ್ತಿಲ್ಲ. ಘಾಟ್ ಹತ್ತಿ ಬಂದು ಎಂಜಿನ್ ಬಂದ್ ಮಾಡಿದಾಗ ಕೂಲಂಟ್ ಹರಿಯುವುದು ಕಡಿಮೆಯಾಗುತ್ತದೆ, ಮುಂದಿನಿಂದ ಗಾಳಿಯೂ ಇಲ್ಲ. ಟರ್ಬೊ, ಎಕ್ಸಾಸ್ಟ್‌ನಲ್ಲಿ ತುಂಬಿಕೊಂಡ ಬಿಸಿ ಸುತ್ತಲಿನ ರಬ್ಬರ್, ವೈರಿಗೆ ಹರಡುತ್ತದೆ. ಓಡುವಾಗ ಇದ್ದದ್ದಕ್ಕಿಂತ ಬಾನೆಟ್ ಒಳಗಿನ ಬಿಸಿ ನಿಂತ ಮೇಲೆ ಕೆಲವು ನಿಮಿಷ ಹೆಚ್ಚಾಗುತ್ತದೆ. ಆಗ ಬಾನೆಟ್ ಅಥವಾ ಹಿಂದಿನ ಮುಚ್ಚಳ ಎತ್ತಿ ಹದಿನೈದು ನಿಮಿಷ ಬಿಡಿ, ಬಿಸಿ ಗಾಳಿ ಮೇಲೆ ಹೋಗುತ್ತದೆ. ಬಂದ್ ಮಾಡುವ ಮೊದಲು ಒಂದೆರಡು ನಿಮಿಷ ಆಕ್ಸಿಲರೇಟರ್ ಒತ್ತದೆ ಐಡಲ್‌ನಲ್ಲಿ ಬಿಟ್ಟರೆ ಟರ್ಬೊ ಒಳಗಿನ ಆಯಿಲ್ ಕರಕಾಗುವುದಿಲ್ಲ. ನಿಂತಾಗ ತೆರೆಯಿರಿ, ಓಡುವಾಗ ಮುಚ್ಚಿರಿ. ನಮ್ಮ ಗ್ಯಾರೇಜಿನ ಹುಡುಗರಿಗೂ ನಾನು ಇದನ್ನೇ ಹೇಳುತ್ತೇನೆ.

ಬೆಳಗಾವಿ ಹುಡುಗ ಮರುದಿನ ಅಟ್ಟದಿಂದ ಮುಚ್ಚಳ ಇಳಿಸಿ ತಂದ. ಸೀಲ್ ಒಂದು ಕಡೆ ಬಿರುಕು ಬಿಟ್ಟಿತ್ತು, ಹೊಸದು ಬರುವ ತನಕ ಗಾಡಿ ಕೊಡಲಿಲ್ಲ, ಅವನೂ ಬೇಸರ ಮಾಡಿಕೊಳ್ಳಲಿಲ್ಲ. ಆಮೇಲೆ ಸಂಜೆಯ ಟ್ರಾಫಿಕ್‌ನಲ್ಲಿ ಅವನನ್ನೇ ಕೂರಿಸಿಕೊಂಡು ವಾಕಡ್ ಸೇತುವೆಯವರೆಗೆ ಹೋಗಿ ಬಂದೆ. ನಿಂತಾಗ ಫ್ಯಾನ್ ಎರಡೂ ಕಡೆ ಸಣ್ಣಗೆ ಸುಯ್ ಅನ್ನುತ್ತಿತ್ತು, ಮುಳ್ಳು ನಡುವೆಯೇ ಇತ್ತು.

ನೀವೂ ಕವರ್ ಬಿಚ್ಚಿಟ್ಟಿದ್ದರೆ ವಾಪಸು ಹಾಕುವ ಮೊದಲು ಅದರ ಗ್ರಾಮೆಟ್, ಕ್ಲಿಪ್, ಸೀಲ್ ನೋಡಿ. ಫೋಮ್‌ಗೆ ಆಯಿಲ್ ಹಿಡಿದಿದ್ದರೆ ಹಾಕಲೇಬೇಡಿ, ಅದು ಬತ್ತಿಯ ಹಾಗೆ ಹೊತ್ತಿಕೊಳ್ಳಬಹುದು, ಹೊಸದು ತಗೊಳ್ಳಿ. ಗ್ರಾಮೆಟ್ ಒಡೆದಿದ್ದರೆ ಒತ್ತಿ ಕೂರಿಸಿ ಸುಮ್ಮನಾಗಬೇಡಿ, ಸಡಿಲ ಕವರ್ ಜಾರಿ ಟರ್ಬೊ ಪೈಪಿಗೆ ತಾಗಿದರೆ ಕರಗುತ್ತದೆ. ಮಳೆಗಾಲ ಮುಗಿದ ಮೇಲೆ ಒಮ್ಮೆ, ಬೇಸಿಗೆಗೆ ಮೊದಲು ಒಮ್ಮೆ ಮುಂದಿನ ಬಂಪರ್ ಬಿಚ್ಚಿಸಿ ರೇಡಿಯೇಟರ್ ಮುಂದಿನ ಕಸ ತೆಗೆಸಿ. ಮೆಕ್ಯಾನಿಕ್ ಬೇಡ ಅಂದರೂ ಪಕ್ಕದಲ್ಲಿ ನಿಂತು ಬಿಚ್ಚಿಸಿ.