ಬೂಷ್ಟು ಹಿಡಿಯದ ಕ್ಯಾಮೆರಾ

ನಮ್ಮ ಕಡೆಯ ಕಾಲೇಜೊಂದರ ಹೊಸ ಲ್ಯಾಬಿನ ಸುದ್ದಿ ನೀವೂ ಓದಿರ್ತೀರಿ, ಅಲ್ವಾ? ಸಿನಿಮಾ ಕಲಿಯುವ ಮಕ್ಕಳಿಗೆ ಇನ್ನು ಕಂಪ್ಯೂಟರಿನೊಳಗೇ ಕ್ಯಾಮೆರಾ, ಲೆನ್ಸು, ಲೈಟು. ಮೌಸ್ ಒತ್ತಿದರೆ ಲೆನ್ಸ್ ಬದಲು. ನನಗಂತೂ ಬಹಳ ಸಂತೋಷ. ನಮ್ಮ ಕಾಸರಗೋಡಿನ ಮಳೆಗಾಲಕ್ಕೆ ಹೇಳಿ ಮಾಡಿಸಿದ ಕ್ಯಾಮೆರಾ, ಬೂಷ್ಟು ಹಿಡಿಯುವುದಿಲ್ಲವಲ್ಲ!

ಜೂನ್ ಬಂತೆಂದರೆ ನಮ್ಮಲ್ಲಿ ಚಪ್ಪಲಿಗೆ, ಬೆಲ್ಟಿಗೆ, ಅಟ್ಟದ ಅಡಿಕೆಗೆ, ಎಲ್ಲಕ್ಕೂ ಬೂಷ್ಟು. ಲೆನ್ಸಿನ ಗಾಜಿನ ಮೇಲೆ ಜೇಡರ ಬಲೆಯ ಹಾಗೆ ಹರಡುತ್ತದೆ. ಮದುವೆ ವೀಡಿಯೊ ಮಾಡುತ್ತಿದ್ದ ಕಾಲದಲ್ಲಿ ನಾನು ಲೆನ್ಸನ್ನು ಅಕ್ಕಿ ಡಬ್ಬಿಯಲ್ಲಿಟ್ಟು ಅಮ್ಮನಿಂದ ಬೈಸಿಕೊಂಡದ್ದುಂಟು. ಲೆನ್ಸಿಗೆ ಬೇಕಾದ್ದು ಗಾಳಿ, ಬೆಳಕು, ಆಗಾಗ ಒಂದಿಷ್ಟು ಕೆಲಸ. ಕತ್ತಲೆ ಕಪಾಟಿನಲ್ಲಿ ಬೀಗ ಹಾಕಿಟ್ಟರೆ ಮುಗೀತು.

ಅಕ್ಕನ ಮಗಳು ಕಲಿಯುವ ಆ ಕಾಲೇಜಿನಲ್ಲಿ ನಿಜವಾದ ಕ್ಯಾಮೆರಾ ಒಂದು ಇದೆ. ಕಪಾಟಿನಲ್ಲಿ. ಬೀಗದ ಕೈ ಒಬ್ಬರ ಹತ್ತಿರ, ಸಹಿ ಇನ್ನೊಬ್ಬರದ್ದು, ಇಬ್ಬರೂ ಒಂದೇ ದಿನ ಸಿಗುವುದಿಲ್ಲ. ಮೂರು ವರ್ಷದಲ್ಲಿ ಅವಳು ಅದನ್ನು ನೋಡಿದ್ದು ಆಯುಧಪೂಜೆಯ ದಿನ, ಕುಂಕುಮ ಹಚ್ಚಿಸಿಕೊಂಡು ಕೂತಿತ್ತಂತೆ.

ಮುಟ್ಟಬಾರದ ಕ್ಯಾಮೆರಾ ಹೋಗಿ ಮುಟ್ಟಲಿಕ್ಕೇ ಆಗದ ಕ್ಯಾಮೆರಾ ಬಂತು. ಒಡೆಯುವುದಿಲ್ಲ, ಸ್ಟಾಕ್ ರಿಜಿಸ್ಟರಿನಲ್ಲಿ ಲೆಕ್ಕ ಯಾವತ್ತೂ ಸರಿ. ಹೀಗೇ ಅಡಿಕೆ ಮರ ಹತ್ತುವುದನ್ನೂ ಕಲಿಸಿದರೆ ನಮ್ಮ ತೋಟದವರು ಬದುಕಿಕೊಂಡಾರು. ಬೋರ್ಡೋ ಮದ್ದು ಬಿಡಲಿಕ್ಕೆ ಜನ ಸಿಗದೆ ಕೊಳೆರೋಗಕ್ಕೆ ಕಾಯಿ ಉದುರುತ್ತಿರುವಾಗ, ಇಲ್ಲದ್ದನ್ನು ಎದುರಿಗೇ ಇದ್ದಂತೆ ತೋರಿಸುವ ವಿ.ಆರ್. ಡಬ್ಬಿಯನ್ನು ಕಣ್ಣಿಗೆ ಕಟ್ಟಿಕೊಂಡು ಜಗಲಿಯಲ್ಲೇ ಕೂತು ಮರದಿಂದ ಮರಕ್ಕೆ ಹಾರುತ್ತಿರಬಹುದು.

"ಪೈಲಟ್‌ಗಳೂ ಸಿಮ್ಯುಲೇಟರಿನಲ್ಲೇ ಕಲಿಯೋದು" ಅಂತ ಒಬ್ಬರು ನನಗೆ ಪಾಠ ಹೇಳಿದರು. ಹೌದು ಮಾರಾಯ್ರೆ, ಆದರೆ ಅವರಿಗೆ ಆಮೇಲೆ ವಿಮಾನ ಕೊಡ್ತಾರೆ.

ಫೋಕಸ್ ಹಿಡಿಯುವುದು ಬೆರಳಿನ ಕೆಲಸ. ನಟ ಅರ್ಧ ಹೆಜ್ಜೆ ಮುಂದೆ ಬಂದರೆ ಬೆರಳಿಗೆ ಗೊತ್ತಾಗಬೇಕು. ಉರಿಯುತ್ತಿರುವ ಸಾವಿರ ವಾಟ್ ಲೈಟನ್ನು ಒಮ್ಮೆ ಬರಿಗೈಯಲ್ಲಿ ಮುಟ್ಟಿದವನು ಮತ್ತೆ ಗ್ಲೌಸ್ ಮರೆಯುವುದಿಲ್ಲ. ಮೌಸ್ ಸುಡುವುದಿಲ್ಲ. ಮೂರು ವರ್ಷ ಮಕ್ಕಳ ಕೈಗೆ ಏನನ್ನೂ ಕೊಡದೆ ಕಳಿಸ್ತೀರಿ, ನಾಳೆ ಸೆಟ್ಟಿನಲ್ಲಿ ಎಲ್ಲರೆದುರು ಉಗಿಸಿಕೊಳ್ಳುವುದು ಅವರು. ನಾಚಿಕೆ ಆಗಲ್ವಾ?

"ಮಾವ, ಆ ಕಂಪ್ಯೂಟರಿನೊಳಗೆ ಸಮುದ್ರವೂ ಉಂಟು" ಅಂದಳು ಹುಡುಗಿ. ಬಸ್ ಹತ್ತಿದರೆ ಕಡಲಂಚಿನ ಬೇಕಲ ಕೋಟೆ ಸಿಗುವ ಊರಲ್ಲಿ! 1995ರಲ್ಲಿ ತೆರೆಗೆ ಬಂದ 'ಬಾಂಬೆ' ಸಿನಿಮಾದ ಹಾಡಿಗೆ ಮಣಿರತ್ನಂ ಕ್ಯಾಮೆರಾ ತಂದದ್ದು ಇಲ್ಲಿಗೇ.

ಅಂದ ಹಾಗೆ, ಲ್ಯಾಬಿನ ಉದ್ಘಾಟನೆ ಜೋರಾಗಿತ್ತು. ವೀಡಿಯೊ ಮಾಡಲಿಕ್ಕೆ ಪೇಟೆಯಿಂದ ಮದುವೆ ಫೋಟೋಗ್ರಾಫರನ್ನು ಕರೆಸಿದ್ದರು.