ಕ್ಲಚ್ ಯಾವ ಕಡೆ?

ಮೈಸೂರಿನಲ್ಲಿ ಬೈಕಿನ ಕಾಯಿಲೆಯನ್ನು ಗುಟ್ಟಾಗಿಡುವುದು ಕಷ್ಟ. ಇದು ಜಾವಾ, ಯೆಜ್ಡಿಗಳನ್ನು ಹೆತ್ತ ಊರು. 1961ರಿಂದ 1996ರವರೆಗೆ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಿಂದ ಬೈಕುಗಳು ಬಂದಷ್ಟೇ ಧಾರಾಳವಾಗಿ ಬೈಕಿನ ಬಗ್ಗೆ ಅಭಿಪ್ರಾಯವುಳ್ಳವರೂ ಹೊರಬಂದರು. ಕಾರ್ಖಾನೆಗೆ ಬೀಗ ಬಿತ್ತು, ಅಭಿಪ್ರಾಯಗಳಿಗೆ ಬೀಳಲಿಲ್ಲ.

ನನ್ನ ಬೈಕು ಆ ವಂಶದ್ದಲ್ಲ. ದಿನವೂ ಕಚೇರಿಗೆ ಹೋಗಿ ಬರುವ, ಯಾರೂ ತಿರುಗಿ ನೋಡದ ಸಾಧಾರಣ ಗಾಡಿ. ಅದು ನ್ಯೂಟ್ರಲ್‌ನಲ್ಲಿ ನಿಂತಾಗ ಹೊಟ್ಟೆಯೊಳಗಿಂದ ಕಟಕಟ ಎನ್ನಲು ಶುರುಮಾಡಿದ ಮೇಲೆ ಬೀದಿಯೆಲ್ಲ ತಿರುಗಿ ನೋಡಿತು. ಹಾಲಿನವನು ‘ಟ್ಯಾಪೆಟ್’ ಎಂದ. ಇಸ್ತ್ರಿಯವನು ‘ಟೈಮಿಂಗ್ ಚೈನ್’ ಎಂದ. ನನ್ನ ಹೆಂಡತಿ ‘ಮಾರಿಬಿಡಿ’ ಎಂದಳು.

ಎದುರು ಮನೆಯ ರಾಯರು ಮಾತ್ರ ಹಾಗೆ ಬಾಯಿಗೆ ಬಂದಂತೆ ಹೇಳುವವರಲ್ಲ. ಅವರು ಆ ಕಾರ್ಖಾನೆಯಲ್ಲೇ ಕೆಲಸ ಮಾಡಿದವರು. ಲೆಕ್ಕಪತ್ರ ವಿಭಾಗದಲ್ಲಿ, ನಿಜ. ಆದರೆ ಕಾರ್ಖಾನೆ ಕಾರ್ಖಾನೆಯೇ. ಗೇರ್ ಲಿವರನ್ನೇ ಒಳಗೆ ಒತ್ತಿ ಮೇಲೆತ್ತಿ ಕಿಕ್ ಹೊಡೆಯುತ್ತಿದ್ದ ಜಾವಾದ ಕಾಲ ಮುಗಿದ ದಿನವೇ ದೇಶದಲ್ಲಿ ಎಂಜಿನಿಯರಿಂಗ್ ಕೂಡ ಮುಗಿಯಿತೆಂದು ಅವರು ನಂಬಿದ್ದಾರೆ. ಉದ್ದನೆಯ ಸ್ಕ್ರೂಡ್ರೈವರ್ ತಂದು, ತುದಿಯನ್ನು ಎಂಜಿನ್ನಿಗೂ ಹಿಡಿಯನ್ನು ಕಿವಿಗೂ ಒತ್ತಿಕೊಂಡು, ಪಂಚೆ ಎತ್ತಿಕಟ್ಟಿ ಕುಕ್ಕರುಗಾಲಿನಲ್ಲಿ ಕುಳಿತರು. ಕಣ್ಣು ಮುಚ್ಚಿ ಆಲಿಸಿ, ‘ಕ್ಲಚ್ಚಿಗೆ ಏನೂ ಆಗಿಲ್ಲಪ್ಪ, ಬೆಣ್ಣೆಯ ಹಾಗಿದೆ’ ಎಂದು ತೀರ್ಪು ಕೊಟ್ಟರು.

ಸ್ಕ್ರೂಡ್ರೈವರ್ ಇದ್ದದ್ದು ಎಡಗಡೆ. ಜಾವಾಕ್ಕೆ ಕ್ಲಚ್ ಎಡಗಡೆಯೇ. ಈ ಬೈಕಿಗೆ ಬಲಗಡೆ ಎಂದು ನಾನು ವಿನಯದಿಂದ ತಿಳಿಸಿದೆ. ರಾಯರು ಎದ್ದು ಮೊಣಕಾಲು ಕೊಡವಿಕೊಂಡು, ‘ಹಾಗಾದರೆ ಇಟ್ಟವರದೇ ತಪ್ಪು’ ಎಂದರು.

ಅಷ್ಟರಲ್ಲಿ ಹಬ್ಬಕ್ಕೆ ಬಂದಿದ್ದ ಭಾವಮೈದುನ ಸುಮ್ಮನಿರಲಾರದೆ, ತನ್ನ ಕಾರಿಗೆ ಹಾಕಿ ಉಳಿದಿದ್ದ ದುಬಾರಿ ಎಣ್ಣೆಯನ್ನು ಬೈಕಿಗೆ ಸುರಿದುಬಿಟ್ಟ. ‘ಲಕ್ಷಾಂತರ ರೂಪಾಯಿಯ ಕಾರಿಗೇ ಆಗುತ್ತದೆ, ಇದಕ್ಕೆ ಆಗುವುದಿಲ್ಲವೇ ಭಾವ?’ ಎಂದ. ತರ್ಕ ಚೆನ್ನಾಗಿತ್ತು. ಬೈಕಿಗೆ ಅರ್ಥವಾಗಲಿಲ್ಲ. ಅದೇ ವಾರ ಚಾಮುಂಡಿ ಬೆಟ್ಟದ ಏರಿನಲ್ಲಿ ಆಕ್ಸಿಲರೇಟರ್ ತಿರುವಿದಷ್ಟೂ ಎಂಜಿನ್ ಕೂಗಾಡುತ್ತಿತ್ತೇ ಹೊರತು ಚಕ್ರಕ್ಕೆ ಆ ಸುದ್ದಿ ಮುಟ್ಟುತ್ತಲೇ ಇರಲಿಲ್ಲ. ಹಿಂದೆ ಕುಳಿತಿದ್ದ ಹೆಂಡತಿ, ‘ನಾನು ಇಳಿದು ಮೆಟ್ಟಿಲು ಹತ್ತಲೇ? ಬೇಗ ತಲುಪುತ್ತೇನೆ’ ಎಂದಳು.

ಕೊನೆಗೆ ಮೆಕ್ಯಾನಿಕ್‌ನ ಬಳಿ ಹೋದೆ. ಆತ ಸ್ಕ್ರೂಡ್ರೈವರ್ ಮುಟ್ಟಲಿಲ್ಲ. ಒಂದೇ ಪ್ರಶ್ನೆ ಕೇಳಿದ: ‘ಸರ್, ಕ್ಲಚ್ ಹಿಡಿದಾಗ ಶಬ್ದ ನಿಲ್ಲುತ್ತದೆಯೋ, ಶುರುವಾಗುತ್ತದೆಯೋ?’

ಬೀದಿಯ ಇಷ್ಟೊಂದು ಪಂಡಿತರಲ್ಲಿ ಒಬ್ಬರಿಗೂ ಹೊಳೆಯದ ಪ್ರಶ್ನೆ. ನ್ಯೂಟ್ರಲ್‌ನಲ್ಲಿ ಕ್ಲಚ್ ಬಿಟ್ಟಿದ್ದರೆ ಗೇರ್ ಬಾಕ್ಸಿನ ಮೊದಲ ಶಾಫ್ಟ್ ಕೂಡ ಎಂಜಿನ್ ಜತೆ ತಿರುಗುತ್ತಿರುತ್ತದೆ. ಲಿವರ್ ಹಿಡಿದರೆ ಆ ನಂಟು ತಪ್ಪುತ್ತದೆ. ಹಿಡಿದಾಗ ಶಬ್ದ ಶುರುವಾದರೆ ಕ್ಲಚ್ ಬಿಡಿಸುವ ಬೇರಿಂಗನ್ನು ಅನುಮಾನಿಸಬೇಕು. ನಿಂತರೆ ಕ್ಲಚ್ಚಿನ ಪ್ಲೇಟುಗಳು ಕೂರುವ ಗೂಡನ್ನೋ, ಅಂದರೆ ಹೌಸಿಂಗನ್ನೋ, ಆ ಶಾಫ್ಟಿನ ಬೇರಿಂಗನ್ನೋ ನೋಡಬೇಕು. ನನ್ನದು ನಿಲ್ಲುತ್ತಿತ್ತು. ಎಣ್ಣೆ ಇಳಿಸಿ, ಬಲಗಡೆಯ ಕವರ್ ಬಿಚ್ಚಿ, ಪ್ಲೇಟುಗಳನ್ನು ಒಂದೊಂದಾಗಿ ಈಚೆಗೆಳೆದು, ಹೌಸಿಂಗನ್ನು ಕೈಗೆ ಕೊಟ್ಟ. ಅದರ ಬೆರಳುಗಳ ಅಂಚಿನಲ್ಲಿ ಪ್ಲೇಟಿನ ಕಿವಿಗಳು ಬಡಿದು ಬಡಿದು ಸಾಲಾಗಿ ಕಚ್ಚು ಬಿದ್ದಿದ್ದವು. ಬೆನ್ನಿನ ಗೇರನ್ನು ಹಿಡಿದು ಅಲ್ಲಾಡಿಸಿದರೆ ಒಳಗಿನ ಸ್ಪ್ರಿಂಗುಗಳು ಸಡಿಲವಾಗಿ ಅದೇ ಕಟಕಟ. ಬೀದಿಯನ್ನೆಲ್ಲ ಎಬ್ಬಿಸಿದ ಭೂತ ಅಂಗೈಯಲ್ಲಿ ಕೂತಿತ್ತು.

ಇಳಿಸಿದ ಎಣ್ಣೆಯನ್ನು ಬೆರಳಿಗೆ ಸವರಿ ನೋಡಿ, ‘ಇದನ್ನು ಯಾರು ಹಾಕಿದ್ದು?’ ಎಂದ. ನಾನು ಹೆಂಡತಿಯ ಮುಖ ನೋಡಿದೆ. ಅವಳು ಗೋಡೆಯ ಕ್ಯಾಲೆಂಡರ್ ನೋಡಿದಳು. ಕಾರಿನ ಕ್ಲಚ್ ಸಾಮಾನ್ಯವಾಗಿ ಒಣಗಿದ ಜಾಗದಲ್ಲಿರುತ್ತದೆ. ಇಂಥ ಬೈಕುಗಳದ್ದು ಎಂಜಿನ್ ಎಣ್ಣೆಯಲ್ಲೇ ಮುಳುಗಿರುತ್ತದೆ. ಕಾರಿನ ಹಲವು ಎಣ್ಣೆಗಳಲ್ಲಿ ಘರ್ಷಣೆ ತಗ್ಗಿಸುವ ರಾಸಾಯನಿಕಗಳಿರುತ್ತವೆ. ಪ್ಲೇಟುಗಳು ಒಂದನ್ನೊಂದು ಕಚ್ಚಿ ಹಿಡಿಯಬೇಕಾದ ಕ್ಲಚ್ಚಿಗೆ ಘರ್ಷಣೆಯೇ ಅನ್ನ. ಡಬ್ಬಿಯ ಮೇಲೆ ‘ಜಾಸೋ ಎಂಎ’ ಎಂದು, ಅಂದರೆ ಎಣ್ಣೆಯಲ್ಲಿ ಮುಳುಗಿದ ಕ್ಲಚ್ಚಿಗೆ ಒಗ್ಗುತ್ತದೆಂಬ ಗುರುತು, ಇರುವುದನ್ನೇ ಹಾಕಬೇಕೆಂದು ಹೇಳಿ, ಜಾರಿ ಸುಟ್ಟ ಪ್ಲೇಟುಗಳನ್ನು ಬದಲಿಸಿದ. ಭಾವಮೈದುನನಿಗೆ ಬಿಲ್ಲಿನ ಫೋಟೋ ಕಳುಹಿಸಿದೆ. ಹೆಬ್ಬೆರಳಿನ ಚಿತ್ರ ಬಂತು.

ಆಕ್ಸಿಲರೇಟರ್ ಕೊಟ್ಟು ಬಿಟ್ಟಾಗಲೆಲ್ಲ ಹಿಂದಿನಿಂದ ‘ಟಕ್’ ಎನ್ನುವುದು ಇನ್ನೂ ಉಳಿದಿತ್ತು. ಎಲ್ಲರೂ ಚೈನ್ ಎಂದೇ ಹೇಳಿದ್ದರು. ಆತ ಚೈನನ್ನು ನಡುವೆ ಬೆರಳಿನಿಂದ ಎತ್ತಿ ಇಳಿಸಿದ. 25 ಮಿಲಿಮೀಟರ್ ಆಸುಪಾಸು, ಸರಿಯಾಗಿಯೇ ಇತ್ತು. ಸ್ಪ್ರಾಕೆಟ್ಟಿನ ಹಲ್ಲುಗಳೂ ನೆಟ್ಟಗಿದ್ದವು. ಬೈಕನ್ನು ಡಬಲ್ ಸ್ಟ್ಯಾಂಡಿಗೆ ಹಾಕಿ, ಸ್ಪ್ರಾಕೆಟ್ ಹಿಡಿದುಕೊಂಡು ಚಕ್ರವನ್ನು ಹಿಂದೆ ಮುಂದೆ ಆಡಿಸಿದಾಗ ಟಕ್, ಟಕ್. ಎಳೆತದ ಹೊಡೆತ ನುಂಗಲೆಂದು ಹಬ್ಬಿನೊಳಗೆ ಕೂರಿಸಿದ ರಬ್ಬರ್ ತುಂಡುಗಳು ಸವೆದು, ಅಂಚು ಉದುರಿ, ಗೂಡಿನಲ್ಲಿ ಓಲಾಡುತ್ತಿದ್ದವು. ಇಡೀ ರಿಪೇರಿಯಲ್ಲಿ ಅಗ್ಗದ ಬಾಬ್ತು ಅದೊಂದೇ.

ಹಳೆಯ ರಬ್ಬರುಗಳನ್ನು ರಾಯರು ಕೇಳಿ ಪಡೆದು, ತಮ್ಮ ಗ್ರೈಂಡರಿನ ಕಾಲುಗಳಿಗೆ ಆನಿಸಿದರು. ಹಿಟ್ಟು ರುಬ್ಬುವಾಗ ಅದು ಗಡಗಡ ಎನ್ನುತ್ತಿತ್ತಂತೆ. ಶಬ್ದ ಕಡಿಮೆಯಾಗಲಿಲ್ಲ. ಮೊನ್ನೆ ನನ್ನನ್ನೇ ಕರೆದು ಕೇಳಿಸಿದರು. ನಾನು ತಲೆ ತೂಗಿ, ‘ಬೇರಿಂಗ್ ಹೋಗಿರಬಹುದು ರಾಯರೇ’ ಎಂದೆ.

‘ಎಡಗಡೆಯದೋ, ಬಲಗಡೆಯದೋ?’ ಎಂದರು.