ಏಳು ಸಲ ಕೇಳಿದ ಒಂದು ಲಕ್ಷ

ನಮ್ಮ ವಿಜಯಪುರದ ಗೋಲಗುಂಬಜದ ಗ್ಯಾಲರಿಯಲ್ಲಿ ನಿಂತು ಒಮ್ಮೆ ಚಪ್ಪಾಳೆ ತಟ್ಟಿದರೆ ಏಳು ಸಲ ಕೇಳುತ್ತದೆ ಅಂತಾರೆ. 1656ರ ಕಟ್ಟಡ, ಇವತ್ತಿಗೂ ಸದ್ದು ಕಡಿಮೆಯಾಗಿಲ್ಲ. ಊರಿನ ಸಮಾಜಸೇವಕರು ಈ ವಿದ್ಯೆಯನ್ನು ಅಲ್ಲಿಂದಲೇ ಕಲಿತಿರಬೇಕು.

ನಮ್ಮದೊಂದು ಕ್ಲಬ್ಬು ಉಗಾಂಡಾದ ಹಳ್ಳಿಯೊಂದರಲ್ಲಿ ಏಳು ದಿನದ ಉಚಿತ ಆರೋಗ್ಯ ಶಿಬಿರ ಮಾಡಬೇಕೆಂದು ತೀರ್ಮಾನಿಸಿತು. ಏಳು ಪಾರ್ಟ್‌ನರ್ ಸಂಘಗಳು ಸೇರಿಕೊಂಡವು. ದಾಲ್ ಮಿಲ್ಲಿನ ಮಾಲೀಕರೊಬ್ಬರು ಒಂದು ಲಕ್ಷ ಕೊಟ್ಟರು. ಏಳೂ ಸಂಘಗಳು ಅದನ್ನು ತಮ್ಮ ತಮ್ಮ ಬ್ಯಾನರಿನಲ್ಲಿ ಹಾಕಿಕೊಂಡವು. ಊರು ತುಂಬ ಏಳು ಲಕ್ಷ ಓಡಾಡಿತು, ಬ್ಯಾಂಕಿನಲ್ಲಿ ಒಂದೇ ಇತ್ತು. ಅದೂ ಅಲ್ಲ, ಫೋಟೋಕ್ಕೆಂದು ಬಾಗಿಲಷ್ಟು ದೊಡ್ಡ ಥರ್ಮಾಕೋಲ್ ಚೆಕ್ ಮಾಡಿಸಿದ್ದರಲ್ಲ, ಅದರ ಖರ್ಚು ಕಳೆದು ಉಳಿದದ್ದು.

ನನ್ನನ್ನೂ ಸಮಿತಿಗೆ ಎಳೆದರು. "ನೀವು ಬರಿಯೂ ಮಂದಿ ಸರ, ಓದಿದ್ರ ಕಣ್ಣಾಗ ನೀರ ಬರೂ ಹಂಗ ಒಂದ ಮನವಿ ಬರದಕೊಡ್ರಿ" ಅಂದರು ಅಧ್ಯಕ್ಷರು.

ತಂಡದಲ್ಲಿ ಹದಿನಾಲ್ಕು ಜನ. ಅದರಲ್ಲಿ ಡಾಕ್ಟರು ಮೂವರು. ಉಳಿದ ಹನ್ನೊಂದು ಮಂದಿ ಸ್ವಯಂಸೇವಕರು. ಅಂದರೆ ಅಧ್ಯಕ್ಷರು, ಅವರ ಮನೆಯವರು, ಬಿಟ್ಟು ಹೋದರೆ ಸಿಟ್ಟಾಗುವ ಮಾಜಿ ಅಧ್ಯಕ್ಷರು, ಡ್ರೋನ್ ಹಾರಿಸುವ ಹುಡುಗ, ಹೀಗೆ. ಉಗಾಂಡಾದಲ್ಲಿ ಇಳಿಯಬೇಕಾದರೆ ಹಳದಿ ಜ್ವರದ ಲಸಿಕೆ ಕಾರ್ಡು ತೋರಿಸಬೇಕು, ಸೂಜಿ ಹತ್ತು ದಿನ ಮೊದಲೇ ಆಗಿರಬೇಕು ಅಂತ ಗೊತ್ತಾದ ದಿನ ಇಬ್ಬರಿಗೆ ಮನೆಯಲ್ಲಿ ತುರ್ತು ಕೆಲಸ ಬಂತು.

ಆಮೇಲೆ ಸಿಎ ಸಾಹೇಬರು ಬಂದರು. ಸಕ್ಕರೆ ಕಾರ್ಖಾನೆಯೊಂದರ ಸಿಎಸ್‌ಆರ್ ದುಡ್ಡಿನ ಮೇಲೆ ಎಲ್ಲರ ಕಣ್ಣಿತ್ತು. 2013ರ ಕಂಪನಿ ಕಾಯ್ದೆಯಲ್ಲಿ ದೊಡ್ಡ ಕಂಪನಿಗಳು ಲಾಭದ ನೂರಕ್ಕೆ ಎರಡು ಭಾಗ ಸಮಾಜಕ್ಕೆ ಖರ್ಚು ಮಾಡಬೇಕು ಅಂತ ಇದೆಯಲ್ಲ, ಅದು. "ಆದ್ರ ದೇಶದ ಹೊರಗ ಖರ್ಚು ಮಾಡಿದ್ದು ಲೆಕ್ಕಕ್ಕ ಬರೂದಿಲ್ರಿ. ಟ್ರಸ್ಟಿನ ರೊಕ್ಕಾನೂ ಅಷ್ಟ, ದಿಲ್ಲಿ ನೇರ ತೆರಿಗೆ ಮಂಡಳಿ ಹೂಂ ಅನ್ನದ ಹೊರಗ ಖರ್ಚು ಮಾಡಿದ್ರ ತೆರಿಗಿ ವಿನಾಯಿತಿ ಹೊಕ್ಕೈತಿ" ಅಂದರು. ಮಿರ್ಚಿ ಭಜಿ ಅಗಿಯುವ ಸದ್ದೂ ನಿಂತಿತು. ಸ್ವಲ್ಪ ಹೊತ್ತಿನ ಮೇಲೆ ಖಜಾಂಚಿ ಮೆಲ್ಲಗೆ ಕೇಳಿದರು: "ಜತ್ತದಾಗ ಮಾಡಿದ್ರ ಫಾರಿನ್ ಅನ್ನಾಕ ಬರಂಗಿಲ್ಲೇನ್ರಿ?"

"ಜತ್ತ ಮಹಾರಾಷ್ಟ್ರದಾಗ ಐತ್ರಿ. ಅಲ್ಲೆ ನಿಮ್ಮ ಬೀಗರ ಅದಾರ" ಅಂದರು ಸಿಎ.

ಔಷಧಿ ಸಂಗ್ರಹ ಮಾತ್ರ ಜೋರಾಗಿ ನಡೆಯಿತು. ಒಂದು ಡಬ್ಬಿ ಬಿಚ್ಚಿ ನೋಡಿದೆ. ಮಾರಾಟಕ್ಕಲ್ಲ ಅಂತ ಅಚ್ಚಾದ ಸ್ಯಾಂಪಲ್‌ಗಳು, ಅರ್ಧ ಕುಡಿದ ಕೆಮ್ಮಿನ ಸಿರಪ್ಪು, ಯಾರೋ ಹಿರಿಯರು ತೀರಿಕೊಂಡ ಮೇಲೆ ಮನೆಯಲ್ಲಿ ಉಳಿದ ಶುಗರ್ ಗುಳಿಗೆ. ಒಂದು ಪಟ್ಟಿಯಲ್ಲಿ ಹತ್ತಕ್ಕೆ ನಾಲ್ಕು ಗುಳಿಗೆ ಇದ್ದವು. ಎಕ್ಸ್‌ಪೈರಿ ತಾರೀಖಿದ್ದ ಮೂಲೆಯನ್ನು ಕತ್ತರಿಯಿಂದ ಕತ್ತರಿಸಿದ್ದರು, ನೀಟಾಗಿ. ರೋಗಿಗಳು ಮರಳಿಸಿದ್ದು, ಸ್ಯಾಂಪಲ್ಲು, ವರ್ಷಕ್ಕಿಂತ ಕಡಿಮೆ ಆಯಸ್ಸು ಉಳಿದದ್ದು ದಾನ ಮಾಡಬೇಡಿ ಅಂತ ವಿಶ್ವ ಆರೋಗ್ಯ ಸಂಸ್ಥೆ 1996ರಲ್ಲೇ ಹೇಳಿದೆ. ನಾನು ಅದನ್ನು ಓದಿ ಹೇಳಿದೆ. "ಅಲ್ಲೀ ಮಂದಿಗೆ ಏನ ಗೊತ್ತಾಗತೈತಿ ಬಿಡ್ರಿ" ಅಂದರು ಕಾರ್ಯದರ್ಶಿ.

ಗೊತ್ತಾಗುತ್ತದೆ ಅಂತ ಮರುವಾರ ಗೊತ್ತಾಯಿತು. ಆ ಊರಿನ ಆಸ್ಪತ್ರೆಯ ನರ್ಸಮ್ಮನ ಮೇಲ್ ಬಂತು. ತುಂಬ ಮರ್ಯಾದೆಯ ಮೇಲ್. ಡಾಕ್ಟರ ಸರ್ಟಿಫಿಕೇಟುಗಳನ್ನು ಮುಂಚೆಯೇ ಕಳಿಸಿ, ನಮ್ಮ ವೈದ್ಯ ಮಂಡಳಿಯ ತಾತ್ಕಾಲಿಕ ನೋಂದಣಿ ಇಲ್ಲದೆ ಇಲ್ಲಿ ಯಾರೂ ರೋಗಿಯನ್ನು ಮುಟ್ಟುವಂತಿಲ್ಲ ಅಂತ ಬರೆದಿದ್ದಳು. ಕೆಳಗೆ ಇನ್ನೊಂದು ಸಾಲು. ಬಿಪಿ ಇದ್ದವರಿಗೆ ಏಳು ದಿನದ ಗುಳಿಗೆ ಕೊಟ್ಟು ಹೋಗಬೇಡಿ, ಎಂಟನೇ ದಿನ ಅವರು ನಮ್ಮ ಬಾಗಿಲಿಗೇ ಬರುತ್ತಾರೆ. ನಿಮ್ಮ ಟಿಕೆಟ್ಟಿನ ದುಡ್ಡು ಕಳಿಸಿದರೆ ವರ್ಷದ ಗುಳಿಗೆ ಇಲ್ಲೇ ಕೊಳ್ಳುತ್ತೇವೆ.

"ದಾನದ ಎಮ್ಮಿ ಹಲ್ಲ ಎಣಸ್ತಾರಲ್ರಿ!" ಅಂತ ಅಧ್ಯಕ್ಷರು ಮೊಬೈಲನ್ನು ಮೇಜಿನ ಮೇಲೆ ಕುಕ್ಕಿದರು. "ರೊಕ್ಕ ಕಳಿಸಿದ್ರ ಫೋಟೋದಾಗ ಯಾರ ನಿಂದರಬೇಕು?"

ಯಾರ ಹತ್ತಿರವೂ ಉತ್ತರ ಇರಲಿಲ್ಲ. ಶಿಬಿರ ನಿಲ್ಲಲಿಲ್ಲ, ಟಿ-ಶರ್ಟು ಆಗಲೇ ಅಚ್ಚಾಗಿತ್ತು. ಬೆನ್ನಿನ ಮೇಲೆ ಏಳು ಲೋಗೋ.

ಮೊನ್ನೆ ನಿಧಿಸಂಗ್ರಹದ ಊಟ. ತಲೆಗೆ ಒಂದೂವರೆ ಸಾವಿರ. ಖಡಕ್ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ, ಜೊತೆಗೆ ಉಗಾಂಡಾದ ಗೌರವಾರ್ಥ ಪಾಸ್ತಾ. ಸಂಬಂಧ ಏನು ಅಂತ ನನ್ನನ್ನು ಕೇಳಬೇಡಿ. ನಾನು ಬಾಗಿಲ ಹತ್ತಿರ ನಿಂತು ಮೈಕು ನೋಡಿಕೊಳ್ಳುತ್ತಿದ್ದೆ, ಮನವಿ ಬರೆದ ಮೇಲೆ ಆ ಕೆಲಸವೂ ನನಗೇ ಬಿದ್ದಿತ್ತು. ನಮ್ಮ ಓಣಿಯ ಆಶಾ ಕಾರ್ಯಕರ್ತೆ ಅಕ್ಕ ಬಂದಳು. ಗುಲಾಬಿ ಸೀರೆ, ಹೆಗಲಿಗೆ ಬ್ಯಾಗು.

"ಡಾಕ್ಟರು ಕೂಡ್ತಾರಂತ ಕೇಳಿದ್ನಿ ಅಣ್ಣಾ. ಬಿಪಿ ನೋಡೂ ಮಶೀನಿನ ಸೆಲ್ ಮುಗದಾವು. ನಾಕ ಸೆಲ್ ಕೊಡಸ್ತಾರೇನು? ವಾರದಿಂದ ಮುದುಕರನ್ನ ಬರೇ ಮಾತಾಡಿಸಿ ಬರಾಕತ್ತೀನಿ."

ಅಧ್ಯಕ್ಷರನ್ನು ಕೇಳಿದೆ. "ಮುಂದಿನ ಮೀಟಿಂಗಿನ್ಯಾಗ ಇಡೋಣಂತ. ಇದು ಇಂಟರ್‌ನ್ಯಾಷನಲ್ ಫಂಡ್ ಐತಿ, ಲೋಕಲ್‌ಗೆ ಹಾಕಾಕ ಬರಂಗಿಲ್ಲ" ಅಂದರು.

ಅಕ್ಕ ಬ್ಯಾನರಿನ ಕಡೆ ನೋಡಿದಳು. "ಆ ದೇಶದಾಗ ನಮ್ಮಂಥವರು ಅದಾರೇನಣ್ಣಾ?" ಇದ್ದಾರೆ, ವಿಲೇಜ್ ಹೆಲ್ತ್ ಟೀಮ್ ಅಂತ ಕರೀತಾರೆ, ಅವರದೂ ಸ್ವಯಂಸೇವೆ ಅಂದೆ. "ಹಂಗಾರ ಅವರದೂ ಸೆಲ್ ಮುಗದಿರಬೇಕು" ಅಂದಳು.

ಕಾರ್ಡ್‌ಲೆಸ್ ಮೈಕು ಎರಡಿದ್ದವು. ಒಂದೊಂದರಲ್ಲಿ ಎರಡು ಸೆಲ್. ನಾನು ತಿರುಗಿ ನೋಡಿದೆ, ಎಲ್ಲರೂ ಪಾಸ್ತಾ ಕಡೆ ಇದ್ದರು.

ಅಧ್ಯಕ್ಷರು ವೇದಿಕೆ ಹತ್ತಿದರು. "ಬಂಧುಗಳೇ" ಅಂದರು. ಬಂಧುಗಳಿಗೆ ಕೇಳಿಸಲಿಲ್ಲ. ಮೈಕಿನ ತಲೆಗೆ ಬೆರಳಿನಿಂದ ಕುಟ್ಟಿದರು. ಇನ್ನೊಂದು ಮೈಕು ತರಿಸಿ ಅದಕ್ಕೂ ಕುಟ್ಟಿದರು. ಬಾಯಿ ಆಡುತ್ತಿತ್ತು, ಕೈ ಆಡುತ್ತಿತ್ತು, ಕೆಳಗೆ ಜನ ಸುಮ್ನೆ ಚಪ್ಪಾಳೆ ತಟ್ಟುತ್ತಿದ್ದರು. ಡ್ರೋನ್ ಹುಡುಗ ವೈರು ಹುಡುಕಿಕೊಂಡು ಓಡಿದ. ನಾನು ಹೋಳಿಗೆಗೆ ಇನ್ನಷ್ಟು ತುಪ್ಪ ಹಾಕಿಸಿಕೊಂಡೆ.